ನೊಂದ ನಾಯಿಯೂ ಮನೆಯ ಮಂದಿಯೂ

ನಾಯಿಗೆ ಸಂಸ್ಕೃತದಲ್ಲಿ ಹೆಸರುಗಳು ಹಲವು. ಅಮರಸಿಂಹನು ತನ್ನ ಕೋಶದಲ್ಲಿ ಅವುಗಳನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಕೌಲೇಯಕವೆಂಬ ಪದವನ್ನು ಇಟ್ಟಿದ್ದಾನೆ. ಇದು ಕುಲಶಬ್ದದಿಂದ ಹುಟ್ಟಿದ ಪದ. ಪಾಣಿನಿಮುನಿಯು ಇದಕ್ಕೆಂದೇ ಒಂದು ವಿಧಿಯನ್ನು ಮಾಡಿ, ಕುಲ, ಕುಕ್ಷಿ, ಗ್ರೀವಾ ಎಂಬ ಮೂರು ಶಬ್ದಗಳಿಗೆ ಒಂದೇ ಪ್ರತ್ಯಯವನ್ನು ಹಚ್ಚಿದರೆ ಮೊದಲನೆಯದರಿಂದ ನಾಯಿಯೂ ಎರಡನೆಯದರಿಂದ ಕತ್ತಿಯೂ ಮೂರನೆಯದರಿಂದ ಕೊರಳ ಆಭರಣವೂ ಬೋಧೆಯಾಗುವುವೆಂದು ಹೇಳಿದ್ದಾನೆ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಇದನ್ನು ನಾವು ಅರ್ಥದ ಕಡೆಗೆ ಲಕ್ಷ್ಯವಿಲ್ಲದೆ ಉರುಹೊಡೆದಿದ್ದೆವು. ಸೊಂಟದ ಕತ್ತಿ, ಕೊರಳ ಸರ, ಕುಲದ ನಾಯಿ. ಮನೆತನಕ್ಕೆ ಸೇರಿದುದೇ ಕೌಲೇಯಕ. ಹಾಗಾದರೆ ಯಾವ ಮನೆತನಕ್ಕೂ ಸೇರದೆ, ಸೇರಿದ್ದ ಕಡೆಯಲ್ಲಿಯೂ ಏಟನ್ನಲ್ಲದೆ ಮತ್ತೇನನ್ನೂ ಕಾಣದೆ ಬೆಳೆದ ನಾಯಿಗೆ ಈ ಹೆಸರು ಸಲ್ಲುವುದೆ? ಬೆಳೆದ ಮೇಲಾದರೂ ಅದು ಒಂದು ಕುಲಕ್ಕೆ ಸೇರಬಲ್ಲುದೆ? ಈ ಪ್ರಶ್ನೆಯು ವ್ಯಾಕರಣದ್ದಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಎದ್ದದ್ದು.

ಲೋಕದ ಅಭಿಪ್ರಾಯವು ಇದಕ್ಕೆ ವಿರೋಧವಾಗಿಯೇ ಇದೆ. ಸಾಕುವುದಾದರೆ ಮರಿಯನ್ನು ತರಬೇಕು, ಬೆಳೆದ ನಾಯಿ ಪಳಗದು, ಏಟು ತಿಂದ ನಾಯಿಯಂತೂ ಒಂದಲ್ಲ ಒಂದು ದಿನ ಕಚ್ಚಿಯೇ ಕಚ್ಚುವುದು ಎಂದು ಹಿರಿಯರು ಹೇಳುವರು. ಕಣ್ಣುಬಿಟ್ಟ ಮರಿಯನ್ನು ಮಡಿಲಲ್ಲಿ ಹೊತ್ತು ತರುವುದಕ್ಕೆ ಮಕ್ಕಳೂ ಸಿದ್ಧರು, ದೊಡ್ಡವರೂ ಸಿದ್ಧರು. ಮೈಮೇಲೆ ಗಾಯದ ಗೆರೆಗಳಿರುವ ನಾಲ್ಕೈದು ವರ್ಷದ ನಾಯಿಯನ್ನು ಕರೆತರುವವರು ಎಷ್ಟು ಮಂದಿ? ವಾಚಕರು ತಮ್ಮ ಬೀದಿಯನ್ನೇ ಒಮ್ಮೆ ನೋಡಿಕೊಂಡರೆ ಉತ್ತರ ದೊರೆಯುವುದು.

ಮೈಸೂರಿನಲ್ಲಿ ನಮ್ಮ ಮನೆಯಿಂದ ಒಂದೂವರೆ ಮೈಲಿಯ ಮೇಲೆ ಒಂದು ಸೌದೆ ಡಿಪೋ ಇದ್ದಿತು. ಅಡಿಗೆಮನೆಗಳಿಗೆ ಗ್ಯಾಸು ಬಂದ ಮೇಲೆ ಸೌದೆಯನ್ನು ಕೇಳುವವರು ಕಡಮೆಯಾಗಿ, ಮದುವೆಯ ಅಡಿಗೆಯವರೂ ಇಟ್ಟಿಗೆ ಸುಡುವವರೂ ಮಾತ್ರ ಅಲ್ಲಿಗೆ ಹೋಗುತ್ತಿದ್ದರು. ೨೦೨೨ನೆಯ ಇಸವಿಯಲ್ಲಿ ಮಾಲೀಕರು ಅದನ್ನು ಮುಚ್ಚಿದರು. ಸೌದೆಯನ್ನು ಮಾರಿದರು, ತಕ್ಕಡಿಯನ್ನು ಮಾರಿದರು, ತಗಡಿನ ಚಪ್ಪರವನ್ನೂ ಬಿಚ್ಚಿ ಮಾರಿದರು. ಕಂಬಕ್ಕೆ ಕಟ್ಟಿದ್ದ ಕಾವಲು ನಾಯಿಯನ್ನು ಮಾತ್ರ ಕೊಳ್ಳುವವರಿರಲಿಲ್ಲವಾದ್ದರಿಂದ ಅದು ಅಲ್ಲಿಯೇ ಉಳಿಯಿತು. ನಾವು ಆಗತಾನೆ ಕೆಲಸದಿಂದ ನಿವೃತ್ತರಾಗಿ, ಬೆಳಗಿನ ಹೊತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸುಮ್ಮನೆ ನಡೆಯುತ್ತಿದ್ದ ಕಾಲವದು. ಆಷಾಢದ ಜಿಟಿಜಿಟಿ ಮಳೆ. ಬಯಲಾಗಿದ್ದ ಆ ನಿವೇಶನದ ನಡುವೆ ಒಂದು ಕಂಬ, ಕಂಬದ ಬುಡದಲ್ಲಿ ಕೆಸರಿನ ಬಣ್ಣದ ಒಂದು ಮುದ್ದೆ. ಹತ್ತಿರ ಹೋದಾಗ ಮುದ್ದೆಯು ಗುರುಗುಟ್ಟಿತು.

ಪಕ್ಕದ ಕಟ್ಟಡದ ಕಾವಲುಗಾರನು ತನಗೆ ಮಿಕ್ಕ ಅನ್ನವನ್ನು ದೂರದಿಂದ ಎಸೆದು ಅದರ ಜೀವವನ್ನು ಉಳಿಸಿದ್ದನು. ನಾವು ನಿಂತುದನ್ನು ಕಂಡು ಅವನು ಹೇಳಿದನು: “ಬೇಡಿ ಮೇಷ್ಟ್ರೆ, ಇದು ಪಳಗೋ ನಾಯಿ ಅಲ್ಲ. ದೊಣ್ಣೇಲಿ ಹೊಡೆದೂ ಹೊಡೆದೂ ಕೆಟ್ಟುಹೋಗಿದೆ. ರಾತ್ರಿ ಬೊಗಳದಿದ್ರೆ ಹೊಡೆಯೋರು, ಬೊಗಳಿದ್ರೂ ಹೊಡೆಯೋರು.”

ಕೊನೆಯ ಮಾತನ್ನು ಅವನು ಆಲೋಚಿಸಿ ಆಡಿದ್ದಲ್ಲ. ಆದರೆ ನಾವು ಮುಂದೆ ಹೇಳಬೇಕಾಗಿರುವುದೆಲ್ಲವೂ ಆ ಮಾತಿನಲ್ಲಿಯೇ ಅಡಗಿದೆ.

ಪಶುವೈದ್ಯರು ಬಂದು ಮದ್ದು ಚುಚ್ಚಿ ಮಂಪರು ಬರಿಸಿದ ಮೇಲೆಯೇ ಸರಪಣಿಯನ್ನು ತೆಗೆಯುವುದು ಸಾಧ್ಯವಾಯಿತು. ಕಬ್ಬಿಣವು ಕೊರಳ ಚರ್ಮವನ್ನು ಕೊರೆದು ಒಳಕ್ಕೆ ಇಳಿದಿತ್ತು, ಗಾಯದಲ್ಲಿ ಹುಳುವಾಗಿತ್ತು. ಕಿವಿಗಳ ಒಳಗೆ ಉಣ್ಣೆಗಳು ಹುಣಿಸೆಯ ಬೀಜದಂತೆ ಕಚ್ಚಿಕೊಂಡಿದ್ದವು. ಹಲ್ಲಿನ ಸವೆತವನ್ನು ನೋಡಿ ನಾಲ್ಕು ಅಥವಾ ಐದು ವರ್ಷದ ಗಂಡು ನಾಯಿಯೆಂದು ವೈದ್ಯರು ಹೇಳಿದರು. ಉಣ್ಣೆಯಿಂದ ಬರುವ ಜ್ವರಕ್ಕೆ ಒಂದು ತಿಂಗಳ ಮಾತ್ರೆ, ಹೊಟ್ಟೆಯ ಹುಳುವಿಗೆ ಔಷಧ, ಮೈ ಸ್ವಲ್ಪ ಹಿಡಿದ ಬಳಿಕ ಹುಚ್ಚುನಾಯಿ ರೋಗದ ಲಸಿಕೆ, ಹೀಗೆ ಗೊತ್ತಾಯಿತು. ಲಸಿಕೆಯ ವಿಷಯದಲ್ಲಿ ಉದಾಸೀನ ಕೂಡದು. ಆ ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನು ಬದುಕುವುದು ಬಹಳ ಅಪರೂಪ; ಆದರೆ ನಾಯಿ ಕಚ್ಚಿದೊಡನೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ಗಾಯವನ್ನು ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಕ್ರಮವಾಗಿ ಹಾಕಿಸಿಕೊಂಡರೆ ರೋಗವನ್ನು ತಡೆಯಬಹುದು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಗಾಯಕ್ಕೆ ತುಂಬುವ ಪದ್ಧತಿಯನ್ನು ನಮ್ಮ ಗೃಹಿಣಿಯರು ಇನ್ನಾದರೂ ಬಿಡಬೇಕು.

ಇಂಥ ಕ್ರೌರ್ಯಕ್ಕೆ ಕಾನೂನಿಲ್ಲವೆ ಎಂದು ಕೇಳಿದರೆ, ಇದೆ. ೧೯೬೦ನೆಯ ಇಸವಿಯ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ೧೧ನೆಯ ಪ್ರಕರಣವು ಪ್ರಾಣಿಯನ್ನು ಹೊಡೆಯುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದನ್ನೂ ಅಪರಾಧವೆಂದು ಎಣಿಸಿದೆ. ಯಾವಾಗಲೂ ಸರಪಣಿಯಲ್ಲಿಟ್ಟ ನಾಯಿಯನ್ನು ಓಡಾಡಿಸದಿರುವುದೂ ಅಪರಾಧವೇ. ಮೊದಲನೆಯ ಸಲದ ತಪ್ಪಿಗೆ ಅದು ಗೊತ್ತುಮಾಡಿದ ದಂಡವು ೫೦ ರೂಪಾಯಿಯನ್ನು ಮೀರಿದ್ದಲ್ಲ. ಆ ನಾಯಿಯ ಕೊರಳಲ್ಲಿದ್ದ ಸರಪಣಿಯ ಬೆಲೆಯೇ ಅದಕ್ಕಿಂತ ಹೆಚ್ಚಾಗಿದ್ದೀತು. ಇರಲಿ.

ಮಹಾಭಾರತದ ಕಡೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯನ್ನು ಎಲ್ಲರೂ ಬಲ್ಲರು. ಆದರೆ ಆ ಗ್ರಂಥವು ನಾಯಿಯಿಂದಲೇ ಮೊದಲಾಗುವುದೆಂಬುದನ್ನು ಬಲ್ಲವರು ಕಡಮೆ. ಆದಿಪರ್ವದ ಪೌಷ್ಯೋಪಾಖ್ಯಾನದಲ್ಲಿ, ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿದ್ದ ಜನಮೇಜಯನ ಬಳಿಗೆ ದೇವತೆಗಳ ನಾಯಿಯಾದ ಸರಮೆಯ ಮಗನು ಬರುತ್ತಾನೆ. ರಾಜನ ತಮ್ಮಂದಿರು ಅವನನ್ನು ಬಡಿದು ಅಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿಗೆ ಹೋಗುತ್ತದೆ. ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎಂದು ಮಗನ ಬಾಯಿಂದ ಕೇಳಿದ ತಾಯಿಯು ಯಜ್ಞಶಾಲೆಗೆ ಬಂದು, ತಪ್ಪು ಮಾಡದವನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಉತ್ತರ ಕೊಡುವುದಿಲ್ಲ. ಆಗ ಅವಳು ಕೊಟ್ಟ ಶಾಪವು ಮರಣವೂ ಅಲ್ಲ, ರಾಜ್ಯನಾಶವೂ ಅಲ್ಲ. ಕಾಣದ ಭಯವೊಂದು ನಿಮಗೆ ಬರಲಿ, ಅದೃಷ್ಟವಾದ ಭಯವು ಬರಲಿ ಎಂದು ಶಪಿಸುತ್ತಾಳೆ.

ಇದನ್ನು ನಾವು ಎಷ್ಟೋ ಸಲ ಓದಿದ್ದೆವು. ಇಷ್ಟು ದೊಡ್ಡ ಅಪರಾಧಕ್ಕೆ ಇಷ್ಟು ಸಣ್ಣ ಶಾಪವೆ ಎಂದು ಅನ್ನಿಸುತ್ತಿತ್ತು. ಕೆಂಚನು ಮನೆಗೆ ಬಂದು (ನಾಯಿಯ ಬಣ್ಣವನ್ನು ಕಂಡು ನಮ್ಮ ಮೊಮ್ಮಗಳು ಇಟ್ಟ ಹೆಸರಿದು) ಹಿತ್ತಲ ಜಗಲಿಯ ಒರಳುಕಲ್ಲಿನ ಹಿಂದೆ ಮೂಲೆ ಹಿಡಿದು ಕುಳಿತ ಮೇಲೆ ತಿಳಿಯಿತು, ಸರಮೆಯು ತನ್ನ ಮಗನಿಗೆ ಆದುದನ್ನೇ ಹೊಡೆದವರಿಗೂ ಕೊಟ್ಟಳೆಂದು. ಏಟು ತಿಂದ ನಾಯಿಯನ್ನು ಕಾಡುವುದು ಏಟಿನ ನೋವಲ್ಲ, ಅದು ಮಾಯುತ್ತದೆ. ಯಾವಾಗ, ಯಾರಿಂದ, ಯಾತಕ್ಕಾಗಿ ಏಟು ಬೀಳುವುದೆಂಬುದು ಕಾಣದಿರುವುದೇ ಅದನ್ನು ಕಾಡುವುದು. ಬೊಗಳಿದರೂ ಏಟು, ಬೊಗಳದಿದ್ದರೂ ಏಟು.

ಈ ವಿಷಯವನ್ನು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್‌ಮನ್, ಮೇಯರ್ ಎಂಬ ಇಬ್ಬರು ಶಾಸ್ತ್ರಜ್ಞರು ೧೯೬೭ರಲ್ಲಿ ಪ್ರಯೋಗದಿಂದಲೇ ತೋರಿಸಿದರು. ಕೆಲವು ನಾಯಿಗಳಿಗೆ ವಿದ್ಯುತ್ತಿನ ಆಘಾತವನ್ನು ಕೊಟ್ಟು, ತಲೆಯಿಂದ ಒಂದು ಹಲಗೆಯನ್ನು ಒತ್ತಿದರೆ ಅದು ನಿಲ್ಲುವಂತೆ ಏರ್ಪಡಿಸಿದರು. ಇನ್ನು ಕೆಲವಕ್ಕೆ ಅಷ್ಟೇ ಆಘಾತ, ಅಷ್ಟೇ ಹೊತ್ತು. ಆದರೆ ಅವು ಏನು ಮಾಡಿದರೂ ನಿಲ್ಲದು. ಆಮೇಲೆ ಎರಡು ತಂಡದವನ್ನೂ ಸುಲಭವಾಗಿ ಹಾರಬಹುದಾದ ತಡಿಕೆಯುಳ್ಳ ಪೆಟ್ಟಿಗೆಯಲ್ಲಿಟ್ಟಾಗ ಮೊದಲನೆಯವು ಹಾರಿ ತಪ್ಪಿಸಿಕೊಂಡವು. ಎರಡನೆಯವುಗಳಲ್ಲಿ ಬಹುಪಾಲು ಹಾರುವ ಪ್ರಯತ್ನವನ್ನೇ ಬಿಟ್ಟು ಆಘಾತವನ್ನು ಸಹಿಸಿಕೊಂಡು ಬಿದ್ದಿದ್ದವು. ನೋವು ಎರಡಕ್ಕೂ ಸಮ. ತನ್ನ ನಡತೆಗೂ ನೋವಿಗೂ ಸಂಬಂಧವುಂಟೆಂದು ಒಂದಕ್ಕೆ ತಿಳಿದಿತ್ತು, ಇನ್ನೊಂದಕ್ಕೆ ಸಂಬಂಧವಿಲ್ಲವೆಂದು ತಿಳಿದಿತ್ತು, ಅಷ್ಟೇ ಭೇದ. ಮೂಕಪ್ರಾಣಿಗಳ ಮೇಲೆ ಇಂಥ ಪ್ರಯೋಗವನ್ನು ಮಾಡಿದುದಕ್ಕೆ ನಮ್ಮ ಮನಸ್ಸು ಒಪ್ಪದು. ಆದರೂ ಮರುವರ್ಷ ಅವರೇ ಪ್ರಕಟಿಸಿದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅನ್ಯಾಯವಾಗುವುದು: ಕೈಬಿಟ್ಟು ಬಿದ್ದಿದ್ದ ಆ ನಾಯಿಗಳನ್ನು ಹಗ್ಗ ಹಿಡಿದು ಮತ್ತೆ ಮತ್ತೆ ತಡಿಕೆಯ ಆಚೆಗೆ ದಾಟಿಸಿದ ಬಳಿಕ ಅವು ತಾವಾಗಿಯೇ ದಾಟಲು ಕಲಿತವು. ಕಾಣದ ಭಯಕ್ಕೆ ಔಷಧವುಂಟು. ಲೋಕವು ಒಂದು ಕ್ರಮದಿಂದ ನಡೆಯುತ್ತದೆಂಬುದನ್ನು ಅದಕ್ಕೆ ಬಾರಿ ಬಾರಿಗೂ ಕಾಣಿಸಿಕೊಡಬೇಕು.

ಕ್ರಮವೆಂದರೆ ಉಪಾಧ್ಯಾಯರಿಗೆ ಹೊಸತೆ? ಮೂವತ್ತೈದು ವರ್ಷ ಗಂಟೆಯ ನಾದಕ್ಕೆ ಎದ್ದು ಕುಳಿತವರು ನಾವು. ಕೆಂಚನಿಗೂ ವೇಳಾಪಟ್ಟಿಯೊಂದನ್ನು ಗೊತ್ತುಮಾಡಿದೆವು. ಬೆಳಗ್ಗೆ ಎಂಟಕ್ಕೆ ಊಟ, ಸಂಜೆ ಆರಕ್ಕೆ ಊಟ; ಅದೇ ತಟ್ಟೆ, ಅದೇ ಮೂಲೆ. ಬೆಳಗ್ಗೆ ಆರೂವರೆಗೆ ನಾವು ಮಣೆ ಹಾಕಿಕೊಂಡು ಜಗಲಿಯಲ್ಲಿ ಅದರಿಂದ ಹತ್ತು ಮೊಳ ದೂರದಲ್ಲಿ, ಅದರ ಕಡೆಗೆ ಮುಖ ಮಾಡದೆ ಓರೆಯಾಗಿ ಕುಳಿತು ಅರ್ಧ ಗಂಟೆ ರಘುವಂಶವನ್ನು ಓದುತ್ತಿದ್ದೆವು. ಗಟ್ಟಿಯಾಗಿ ಓದಿದ್ದು ಪುಣ್ಯಕ್ಕಲ್ಲ. ಸದ್ದಿಲ್ಲದೆ ಕುಳಿತು ಒಂದೇ ಸಮನೆ ನೋಡುವವನು ನಾಯಿಯ ಕಣ್ಣಿಗೆ ಹೊಂಚುಹಾಕುವವನು. ಏರಿಳಿತವಿಲ್ಲದ ಧ್ವನಿಯಲ್ಲಿ ಏನನ್ನೋ ಗೊಣಗುತ್ತಿರುವ ಮುದುಕನಿಂದ ಅಪಾಯವಿಲ್ಲ. ಕೈ ಚಾಚಲಿಲ್ಲ, ಕರೆಯಲಿಲ್ಲ, ಮುದ್ದಿಸಲಿಲ್ಲ. ಓದು ಮುಗಿದ ಮೇಲೆ ಒಂದು ಚೂರು ಕೊಬ್ಬರಿಯನ್ನು ಮಣೆಯ ಪಕ್ಕದಲ್ಲಿಟ್ಟು ಎದ್ದುಬಿಡುವುದು.

ಹನ್ನೊಂದು ದಿನ ಅದು ಯಾರಾದರೂ ಇರುವಾಗ ತಟ್ಟೆಯನ್ನು ಮುಟ್ಟಲಿಲ್ಲ. ಹನ್ನೆರಡನೆಯ ದಿನ ನಾವು ಕುಳಿತಿರುವಾಗಲೇ ಹೊಟ್ಟೆಯನ್ನು ನೆಲಕ್ಕೆ ಸವರುತ್ತ ಬಂದು ತಿಂದಿತು. ಹಿಂದಿನ ದಿನದ ಕೊಬ್ಬರಿಯನ್ನು ಇಟ್ಟ ಜಾಗದಲ್ಲಿಯೇ ಮರುದಿನವೂ ಇಟ್ಟಿರುವುದನ್ನು ಅದು ನಂಬುವುದಕ್ಕೆ ಇಷ್ಟು ಕಾಲ ಬೇಕಾಯಿತು. ನಾಯಿಗಳ ಆಶ್ರಯಗಳನ್ನು ನಡೆಸುವವರು, ಹೊಸ ಮನೆಗೆ ಬಂದ ನಾಯಿಗೆ ಬೆದರಿಕೆ ಇಳಿಯಲು ಮೂರು ದಿನ, ಮನೆಯ ರೀತಿಯನ್ನು ಅರಿಯಲು ಮೂರು ವಾರ, ಮನೆ ತನ್ನದೆಂದು ತಿಳಿಯಲು ಮೂರು ತಿಂಗಳು ಎಂದು ಲೆಕ್ಕ ಹೇಳುವುದುಂಟು. ಒಳ್ಳೆಯ ಲೆಕ್ಕವೇ. ಆದರೆ ಇದು ಸಾಮಾನ್ಯ ನಾಯಿಯ ಲೆಕ್ಕವೆಂದೂ, ನೊಂದ ನಾಯಿಯು ಇದರ ಇಮ್ಮಡಿ ಮುಮ್ಮಡಿ ಕಾಲವನ್ನು ಕೇಳಬಹುದೆಂದೂ ತಿಳಿದಿರಬೇಕು.

ಇಷ್ಟೆಲ್ಲ ಮಾಡಿದವರು ನಾವು. ಅದು ಮೊದಲು ಒಲಿದದ್ದು ಮಾತ್ರ ನಮ್ಮ ಮನೆಯವರಿಗೆ. ಅವರು ಮಡಿ ಹುಡಿ ಎಂದು ಬಹಳ ನಿಷ್ಠೆಯಿಂದ ಇರತಕ್ಕವರು. ನಾಯಿಯನ್ನು ತಂದ ದಿನ, “ಅಲ್ಲಾ ಅಂದ್ರೆ, ಊರಲ್ಲಿ ಇಷ್ಟು ಮನೆ ಇದೆಯಲ್ಲ, ಈ ಅನಿಷ್ಟಕ್ಕೆ ನಮ್ಮ ಮನೆಯೇ ಬೇಕಾಗಿತ್ತೆ?” ಎಂದು ಕೇಳಿದ್ದರು. ಅದು ಒಳಗೆ ಕಾಲಿಡಕೂಡದು, ಬಾವಿಕಟ್ಟೆಯ ಹತ್ತಿರ ಸುಳಿಯಕೂಡದು, ಶ್ರಾದ್ಧದ ದಿನ ಹಿತ್ತಲಲ್ಲಿಯೇ ಇರಕೂಡದು ಎಂದು ಮೂರು ನಿಬಂಧನೆಗಳನ್ನು ವಿಧಿಸಿದರು. ಆದರೂ ಅನ್ನವನ್ನು ಕಲಸಿ ಹಾಕುವ ಕೆಲಸ ಅವರದೇ ಆಯಿತು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುವುವು, ದ್ರಾಕ್ಷಿಯು ಅದಕ್ಕೆ ವಿಷ, ಹುಳಿ ಸಾರುಗಳ ಮಿಕ್ಕದ್ದನ್ನು ಹಾಕಬಾರದು ಎಂದು ವೈದ್ಯರು ಹೇಳಿದ್ದರಿಂದ ಅದಕ್ಕೆ ಬೇರೆಯೇ ಬೇಯಿಸಬೇಕಾಗಿತ್ತು. ದಿನಕ್ಕೆ ಒಂದು ಮೊಟ್ಟೆ ಬೇಕೆಂದೂ ವೈದ್ಯರ ಅಪ್ಪಣೆಯಾಗಿತ್ತು. ಮೊಟ್ಟೆಯನ್ನು ನಮ್ಮ ಮನೆಯ ಒಲೆಯ ಮೇಲೆ ಬೇಯಿಸುವುದು ಹೇಗೆ? ಹಿತ್ತಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿ, ಬೇರೆ ಪಾತ್ರೆಯಿಟ್ಟು, ಮೂಗಿಗೆ ಸೆರಗು ಹಿಡಿದು ಬೇಯಿಸಿ ಹಾಕಿ ಹೋಗಿ ಸ್ನಾನ ಮಾಡುವರು. ನಾಯಿಯ ಕಡೆಗೆ ಕಣ್ಣೆತ್ತಿಯೂ ನೋಡರು. ಅದು ಬರಲೆಂಬ ಆಸೆ ಅವರಿಗಿಲ್ಲ, ಬಾರದಿದ್ದರೆ ಬೇಸರವೂ ಇಲ್ಲ. ನಮ್ಮ ಓರೆನೋಟದಲ್ಲಿ ಅಡಗಿದ್ದ ಆಸೆಯನ್ನು ಕೆಂಚನು ಮೂಸಿ ತಿಳಿದಿದ್ದನೋ ಏನೋ. ಆರನೆಯ ವಾರದಲ್ಲಿ ಒಂದು ದಿನ ಅವರು ಇಟ್ಟಿಗೆಯ ಒಲೆಯ ಮುಂದೆ ಬಗ್ಗಿ ಊದುತ್ತಿರುವಾಗ ಹಿಂದಿನಿಂದ ಬಂದು ಅವರ ಮೊಣಕೈಗೆ ಮೂಗನ್ನು ತಾಗಿಸಿ ನಿಂತಿತು. ಅವರು ಕೂಗಲಿಲ್ಲ. ಊದುಗೊಳವಿಯನ್ನು ಹಾಗೆಯೇ ಹಿಡಿದು, “ಅಂದ್ರೆ, ಇಲ್ಲಿ ನೋಡಿ” ಎಂದು ಪಿಸುಮಾತಿನಲ್ಲಿ ನಮ್ಮನ್ನು ಕರೆದರು. ಅಂದು ಸ್ನಾನ ತಡವಾಯಿತು.

ಬೆಳೆದ ನಾಯಿಯು ಹೊಸಬರಲ್ಲಿ ನಂಟನ್ನು ಕಟ್ಟಲಾರದೆಂಬ ಮಾತಿಗೆ ಆಧಾರವೇ ಇಲ್ಲವೆನ್ನುವಂತಿಲ್ಲ. ಅಮೆರಿಕದ ಸ್ಕಾಟ್, ಫುಲ್ಲರ್ ಎಂಬ ವಿದ್ವಾಂಸರು ಬಹುಕಾಲ ಮರಿಗಳನ್ನು ಪರೀಕ್ಷಿಸಿ ೧೯೬೫ರಲ್ಲಿ ಬರೆದ ಗ್ರಂಥದಲ್ಲಿ, ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಮನುಷ್ಯರೊಡನೆ ಬೆರೆಯಲು ವಿಶೇಷವಾಗಿ ತೆರೆದಿರುವುದೆಂದು ತೋರಿಸಿದರು. ಇದು ದಿಟ. ಆದರೆ ಒಂದು ಬಾಗಿಲು ಅಗಲವಾಗಿ ತೆರೆದಿರುವ ಕಾಲವುಂಟೆಂದರೆ ಆಮೇಲೆ ಬೀಗ ಬೀಳುವುದೆಂದು ಅರ್ಥವಲ್ಲ. ಹಂಗೆರಿ ದೇಶದ ಗಾಚಿ ಎಂಬ ವಿದುಷಿಯೂ ಅವಳ ಸಂಗಡಿಗರೂ ಆಶ್ರಯಗಳಲ್ಲಿದ್ದ ಬೆಳೆದ ನಾಯಿಗಳನ್ನು ಪರೀಕ್ಷಿಸಿ ೨೦೦೧ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಒಬ್ಬ ಅಪರಿಚಿತನು ದಿನಕ್ಕೆ ೧೦ ನಿಮಿಷದಂತೆ ಮೂರು ದಿನ ಮಾತ್ರ ಜೊತೆಗಿದ್ದು ಆದರಿಸಿದರೆ ಸಾಕು, ಆ ನಾಯಿಗಳು ಇತರರಲ್ಲಿ ತೋರದ ಸಲಿಗೆಯನ್ನು ಅವನಲ್ಲಿ ತೋರಿದುವು. ಅರ್ಧ ಗಂಟೆಯ ಆದರಕ್ಕೆ ಇಷ್ಟು ಫಲ! ಜಪಾನಿನವರು ೨೦೧೫ರಲ್ಲಿ ಇನ್ನೂ ಒಳಗನ್ನು ನೋಡಿದರು. ನಾಯಿಯೂ ಅದನ್ನು ಸಾಕಿದವರೂ ಒಬ್ಬರನ್ನೊಬ್ಬರು ಬಹುಹೊತ್ತು ನೋಡಿದಾಗ, ತಾಯಿಮಕ್ಕಳ ವಾತ್ಸಲ್ಯಕ್ಕೆ ಸಂಬಂಧಪಟ್ಟ ಆಕ್ಸಿಟೋಸಿನ್ ಎಂಬ ದ್ರವ್ಯವು ಇಬ್ಬರ ಮೈಯಲ್ಲಿಯೂ ಏರುವುದೆಂದು ಕಂಡುಕೊಂಡರು. ಆದರೆ ವಾಚಕರು ಇದನ್ನು ಓದಿ, ಬೆದರಿದ ನಾಯಿಯನ್ನು ಕರೆತಂದು ಅದರ ಕಣ್ಣಿಗೆ ಕಣ್ಣಿಟ್ಟು ಕೂರಬಾರದು. ನೋಟವು ಕೊನೆಗೆ ಬರತಕ್ಕದ್ದು. ಪರಿಚಯವಿಲ್ಲದ ನಾಯಿಗೆ ಅದು ಬೆದರಿಕೆಯೇ ಸರಿ.

ಪರದೇಶದ ಸಾಕ್ಷ್ಯವೇ ಏಕೆ? ನಮ್ಮ ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ ಶಾಸನವೊಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ ೮೭೨ರದು, ಎಂದರೆ ಕ್ರಿ.ಶ. ೯೪೯–೫೦ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದಲ್ಲಿ ಮಣಲೆರನೆಂಬ ವೀರನು ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಊರನ್ನು ಕೇಳಬಹುದಾಗಿತ್ತು, ಹೊನ್ನನ್ನು ಕೇಳಬಹುದಾಗಿತ್ತು. ಮಣಲೆರನು ಕಾಳಿಯೆಂಬ ಬೇಟೆನಾಯಿಯನ್ನು ಕೊಡಬೇಕೆಂದನು. ಆಮೇಲೆ ಬೆಳತೂರ ಬೆಟ್ಟದಲ್ಲಿ ಕಾಳಿಯು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಆ ನಾಯಿಗಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ಬರುವುದೆಂದೂ ಕೆತ್ತಿಸಿದರು. ವೀರನು ಬೇಡಿದ್ದು ಹೆಸರಾದ ಬೇಟೆನಾಯಿಯನ್ನು ಆದ್ದರಿಂದ, ಕೈಬದಲಾದಾಗ ಕಾಳಿಯು ಎಳೆಯ ಮರಿಯಾಗಿದ್ದಿರಲಾರದು. ಬೇರೊಬ್ಬರಲ್ಲಿ ಬೆಳೆದ ನಾಯಿಯು ಎರಡನೆಯ ಒಡೆಯನಿಗಾಗಿ ಪ್ರಾಣವನ್ನೇ ಕೊಟ್ಟಿತು. ಕಾಳಿಯನ್ನು ಯಾರೂ ದೊಣ್ಣೆಯಿಂದ ಹೊಡೆದಿರಲಿಲ್ಲವೆಂದು ನೀವು ಹೇಳಬಹುದು. ಅದು ಸರಿಯಾದ ಆಕ್ಷೇಪವೇ.

ನೊಂದ ನಾಯಿಯಿರುವ ಮನೆಯಲ್ಲಿ ಮಕ್ಕಳ ವಿಷಯದಲ್ಲಿ ಎಚ್ಚರವಾಗಿರಬೇಕು. ನಮ್ಮ ಮೊಮ್ಮಗಳು ಬೆಂಗಳೂರಿನಿಂದ ರಜಕ್ಕೆ ಬರುವವಳು. ಆಗ ಅವಳಿಗೆ ಆರು ವರ್ಷ. ಉಣ್ಣುವಾಗ, ಮಲಗಿರುವಾಗ, ಮೂಲೆಯಲ್ಲಿರುವಾಗ ಕೆಂಚನ ಹತ್ತಿರ ಹೋಗಬಾರದು, ದೊಡ್ಡವರಿಲ್ಲದೆ ಹಿತ್ತಲಿಗೇ ಹೋಗಬಾರದು ಎಂದು ಕಟ್ಟುಮಾಡಿದ್ದೆವು. ಒಮ್ಮೆ ಅವಳ ಚೆಂಡು ಒರಳಿನ ಬಳಿಗೆ ಉರುಳಿದಾಗ ಅದು ಹಲ್ಲು ತೋರಿಸಿ ಗುರುಗುಟ್ಟಿತು. ನೋಡಲು ಬಂದಿದ್ದ ಬಂಧುಗಳೊಬ್ಬರು, ಗುರುಗುಟ್ಟಿದ್ದಕ್ಕೆ ನಾಲ್ಕು ಬಿಗಿಯಬೇಕೆಂದರು. ನಾವು ಬಿಡಲಿಲ್ಲ. ಗುರುಗುಟ್ಟುವುದು ನಾಯಿಯ ಮರ್ಯಾದೆಯ ಮಾತು: ದಯವಿಟ್ಟು ಅಲ್ಲಿಯೇ ನಿಲ್ಲಿ ಎಂದು ಅದಕ್ಕೆ ಅರ್ಥ. ಅದಕ್ಕಾಗಿ ಹೊಡೆದರೆ ನಾಯಿಯು ಮುಂದೆ ಗುರುಗುಟ್ಟುವುದನ್ನು ಬಿಡುವುದು, ಕಚ್ಚುವುದನ್ನು ಬಿಡುವುದಿಲ್ಲ. ಹೇಳದೆ ಕಚ್ಚುವ ನಾಯಿಗಳು ಹೀಗೆಯೇ ತಯಾರಾಗುವುವು. ಇಂಗ್ಲೆಂಡಿನಲ್ಲಿ ಹೈಬಿ ಮೊದಲಾದವರು ನಾಯಿ ಸಾಕುವವರನ್ನು ವಿಚಾರಿಸಿ ೨೦೦೪ರಲ್ಲಿ ಬರೆದುದರಲ್ಲಿಯೂ ದಂಡನೆ ಹೆಚ್ಚಾದ ಮನೆಗಳಲ್ಲಿ ನಾಯಿಯ ತೊಂದರೆಗಳೂ ಹೆಚ್ಚಾಗಿದ್ದವೆಂದಿದೆ. ಶಾಲೆಯಲ್ಲಿ ಬೆತ್ತದ ಕಾಲವನ್ನು ಕಂಡ ನಮಗೆ ಇದು ಆಶ್ಚರ್ಯವೆನಿಸಲಿಲ್ಲ. ಮಗುವನ್ನು ಒಳಕ್ಕೆ ಕರೆದೊಯ್ದು, ಒರಳಿನ ಸುತ್ತ ಸುಣ್ಣದಿಂದ ಒಂದು ಗೆರೆ ಎಳೆದೆವು. ಅದರೊಳಗೆ ಕೆಂಚನ ರಾಜ್ಯ. ಅವಳು ರಜದುದ್ದಕ್ಕೂ ಆ ಗೆರೆಯ ಹೊರಗೆ ಕುಳಿತು ಅದಕ್ಕೆ ಮಗ್ಗಿ ಒಪ್ಪಿಸುತ್ತಿದ್ದಳು. ಕಡೆಯ ವಾರದಲ್ಲಿ ಗೆರೆಯನ್ನು ದಾಟಿ ಬಂದದ್ದು ಅವಳಲ್ಲ, ಅದು.

ದೀಪಾವಳಿಯ ಹಿಂದಿನ ದಿನ ಸಂಜೆ ಬೀದಿಯಲ್ಲಿ ಯಾರೋ ಸರಪಟಾಕಿಯನ್ನು ಹಚ್ಚಿದರು. ಹಾಲಿನ ಹುಡುಗನು ಬಂದಿದ್ದ ಸಮಯ. ಹಿತ್ತಲ ಬಾಗಿಲು ತೆರೆದಿತ್ತು. ಕೆಂಚನು ಬಾಣದಂತೆ ಹೊರಬಿದ್ದು ಹೋದನು. ಆ ರಾತ್ರಿ, ಮರುದಿನ, ಮರುದಿನದ ರಾತ್ರಿ, ಎಲ್ಲಿಯೂ ಇಲ್ಲ. ನರಕಚತುರ್ದಶಿಯ ಎಣ್ಣೆನೀರು ಹಾಕಿಕೊಂಡದ್ದು ಹೆಸರಿಗೆ. ಚರಂಡಿಗಳನ್ನು ನೋಡಿದೆವು, ಕೆರೆಯ ಏರಿಯನ್ನು ನೋಡಿದೆವು, ವಾಹನಗಳು ಓಡುವ ದೊಡ್ಡ ರಸ್ತೆಯ ಅಂಚನ್ನೂ ನೋಡಿದೆವು. ಸರಪಣಿಯ ನೆನಪಿನಿಂದ ಅದು ಕೊರಳಿಗೆ ಹಗ್ಗವನ್ನಾಗಲಿ ಪಟ್ಟಿಯನ್ನಾಗಲಿ ಸೇರಿಸಗೊಟ್ಟಿರಲಿಲ್ಲವಾದ್ದರಿಂದ ಗುರುತೂ ಇಲ್ಲ. ಎರಡನೆಯ ದಿನ ರಾತ್ರಿ ನಮ್ಮ ಮನೆಯವರೇ ಹೇಳಿದರು: “ಆ ಸೌದೆ ಡಿಪೋ ಹತ್ತಿರ ನೋಡಿದಿರಾ?” ಅಲ್ಲಿಗೆ ಅದು ಹೋಗುವುದುಂಟೆ ಎಂದು ನಮಗೆ ತೋರಿತು. ಅವರು ಬಿಡಲಿಲ್ಲ. ಬೆಳಗಿನ ಜಾವ ಐದಕ್ಕೆ ಇಬ್ಬರೂ ಬ್ಯಾಟರಿ ದೀಪ ಹಿಡಿದು ಹೊರಟೆವು.

ಅಲ್ಲಿಯೇ ಇತ್ತು. ಕಂಬವನ್ನು ಕಿತ್ತಿದ್ದರು, ಕಂಬವಿದ್ದ ಗುಂಡಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಹಳೆಯ ಒಡೆಯನ ಮೇಲಣ ಪ್ರೀತಿಯಿಂದ ಹೋಯಿತೆಂದು ಆಮೇಲೆ ಕೇಳಿದವರು ಕಣ್ಣೀರು ತಂದುಕೊಂಡರು. ನಮಗೆ ಹಾಗೆ ತೋರಲಿಲ್ಲ. ಆಕಾಶವೇ ಸಿಡಿಯುವಾಗ, ನಾಲ್ಕು ತಿಂಗಳ ಹೊಸ ಮನೆಗಿಂತ ನಾಲ್ಕು ವರ್ಷದ ಹಳೆಯ ನರಕವು ಅದಕ್ಕೆ ಹೆಚ್ಚು ಪರಿಚಿತವಾದ ಸ್ಥಳ. ಅಲ್ಲಿ ಏಟು ಬೀಳುವುದೆಂಬುದಾದರೂ ನಿಶ್ಚಯ. ನಾವು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆವು. ಅದು ತಲೆಯೆತ್ತಿ ನೋಡಿತು, ಎದ್ದೇಳಲಿಲ್ಲ. ಹತ್ತಿರ ಹೋದರೆ ಓಡೀತು, ಓಡಿದರೆ ರಸ್ತೆಗೆ ಓಡೀತು. ನಮಗೆ ತಿಳಿದ ಉಪಾಯ ಒಂದೇ: ಅಲ್ಲಿಯೇ ಒಂದು ಕಲ್ಲಿನ ಮೇಲೆ ಓರೆಯಾಗಿ ಕುಳಿತು, ಆ ಕತ್ತಲಲ್ಲಿ ಬಾಯಿಗೆ ಬಂದಷ್ಟು ರಘುವಂಶವನ್ನು ಹೇಳತೊಡಗಿದೆವು. ಕಾವಲುಗಾರನು ಹೊರಬಂದು ನೋಡಿ ಏನೆಂದುಕೊಂಡನೋ ತಿಳಿಯದು. ಎರಡನೆಯ ಸರ್ಗದ ಅರ್ಧ ಆಯಿತು. ನಮ್ಮ ಮನೆಯವರಿಗೆ ತಾಳ್ಮೆ ತಪ್ಪಿತು. ಮನೆಯ ಕಡೆಗೆ ತಿರುಗಿ ನಿಂತು, ದಿನವೂ ಜಗಲಿಯಿಂದ ಕೂಗುವ ಧ್ವನಿಯಲ್ಲಿಯೇ, “ಬಾರೋ ಕೆಂಚ, ಎಂಟು ಗಂಟೆಗೆ ಅನ್ನ ಆರಿಹೋಗುತ್ತೆ” ಎಂದು ಹೇಳಿ ಹಿಂದಿರುಗಿ ನೋಡದೆ ನಡೆದರು. ಅದು ಗುಂಡಿಯಿಂದ ಎದ್ದಿತು. ಮೈಯನ್ನು ಕೊಡವಿತು. ಅವರ ಹಿಂದೆ ಐದಾರು ಮಾರು ಬಿಟ್ಟು, ಹಗ್ಗವಿಲ್ಲದೆ, ಒಂದೂವರೆ ಮೈಲಿ ನಡೆದು ಬಂದಿತು. ನಾವು ಎಲ್ಲರಿಗಿಂತ ಹಿಂದೆ. ಮನೆಯ ಹಿತ್ತಲ ಬಾಗಿಲಿನಲ್ಲಿ ನಿಂತು ನಾವೂ ಒಳಗೆ ಬರುವವರೆಗೆ ಕಾಯಿತು.

ಈಗ ಮೂರು ವರ್ಷ ಕಳೆದಿದೆ. ಅದು ಮುದ್ದಿನ ನಾಯಿಯಾಗಿಲ್ಲ. ಬಾಲವನ್ನು ಅಲ್ಲಾಡಿಸುವುದು ಮಿತವಾಗಿ. ಮಡಿಲಲ್ಲಿ ತಲೆಯಿಡುವ ಪಾಠವನ್ನು ಅದು ಕಲಿಯಲಿಲ್ಲ, ನಾವೂ ಕಲಿಸಲಿಲ್ಲ. ಆದರೆ ನಾವು ಮನೆಯಲ್ಲಿ ಯಾವ ಕೋಣೆಗೆ ಹೋದರೂ ಅದರ ಹೊಸ್ತಿಲಿಗೆ ಬಂದು ಮಲಗುವುದು. ನಮ್ಮ ಮನೆ ಹಳೆಯ ಕಾಲದ್ದು, ಬಾಗಿಲುಗಳು ಬಹಳ. ಒಂದು ದಿನದಲ್ಲಿ ಅದು ಎಷ್ಟು ಹೊಸ್ತಿಲುಗಳನ್ನು ಕಾಯುವುದೆಂದು ಮೊಮ್ಮಗಳು ಒಮ್ಮೆ ಲೆಕ್ಕವಿಟ್ಟು ಹದಿನೇಳೆಂದಳು. ಒಳಗೆ ಕಾಲಿಡಕೂಡದೆಂಬ ನಿಬಂಧನೆಯ ಮಾತನ್ನು ಯಾರೂ ಎತ್ತುವುದಿಲ್ಲ. ಶ್ರಾದ್ಧದ ದಿನದ ನಿಬಂಧನೆ ಮಾತ್ರ ಈಗಲೂ ಇದೆ; ಅಂದು ಅದು ಪಕ್ಕದ ಮನೆಯ ಅಂಗಳದಲ್ಲಿ ಇರುವುದು, ಬ್ರಾಹ್ಮಣರ ಊಟವಾದ ಮೇಲೆ ನಮ್ಮ ಮನೆಯವರೇ ಹೋಗಿ ಕರೆತರುವರು. ಅಂಥ ನಾಯಿಯನ್ನು ತರಬೇಕೆಂದಿರುವ ವಾಚಕರು ಯಾರಾದರೂ ಇದ್ದರೆ, ಮನೆಯಲ್ಲಿ ಒಬ್ಬರಾದರೂ ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರುವಂಥವರು ಇದ್ದಾರೆಯೆ ಎಂದು ಮೊದಲು ನೋಡಿಕೊಳ್ಳಲಿ. ದುಡಿಯುವ ವಯಸ್ಸಿನವರಿಗೆ ಇದು ಕಷ್ಟ. ನಿವೃತ್ತರಿಗೆ ಸುಲಭ, ನಮ್ಮಂಥವರನ್ನು ಕಾಯುವುದಕ್ಕೂ ಒಂದು ಗಂಟೆಯ ಹೊತ್ತು ಗೊತ್ತಾಗಿರುವುದು ಮೇಲು.

ಇನ್ನೂ ಹೋಗದ ಭಯಗಳು ಎರಡಿವೆ. ಕಡ್ಡಿ ಪೊರಕೆಯನ್ನು ಯಾರಾದರೂ ತಲೆಯಿಂದ ಮೇಲಕ್ಕೆ ಎತ್ತಿದರೆ ಎಲ್ಲಿದ್ದರೂ ಹೊಟ್ಟೆಯನ್ನು ನೆಲಕ್ಕೆ ಹಚ್ಚುವುದು. ಆದ್ದರಿಂದ ಜೇಡರ ಬಲೆಯನ್ನು ಅದು ನಮ್ಮೊಡನೆ ಬೆಳಗ್ಗೆ ತಿರುಗಾಡಲು ಹೋದ ಸಮಯದಲ್ಲಿ ತೆಗೆಯುವುದೆಂದು ಆಗಿದೆ. ಎರಡನೆಯದು ಕಬ್ಬಿಣದ ಸದ್ದು. ನಮ್ಮ ಬಾವಿಯ ಕೊಡಕ್ಕೆ ತಲೆತಲಾಂತರದಿಂದ ಸರಪಣಿಯಿತ್ತು. ಹೋದ ವರ್ಷ ಅದನ್ನು ತೆಗೆದು ಹುರಿಹಗ್ಗವನ್ನು ಹಾಕಿಸಿದ್ದೇವೆ. ಮಳೆಗಾಲದಲ್ಲಿ ಹಗ್ಗವು ನೆಂದು ಜಾರುವುದೆಂದು ನಮ್ಮ ಮನೆಯವರು ಗೊಣಗುವರು. ಸರಪಣಿಯನ್ನು ಮತ್ತೆ ಹಾಕಿಸೋಣವೆ ಎಂದು ಕೇಳಿದರೆ ಉತ್ತರ ಕೊಡದೆ ನೀರು ಸೇದುವರು.